ಶಿರಾಡಿ ಘಾಟಿಯ ಆ ಲಾರಿ ಚಾಲಕರಿಗೆ

ಕಳೆದ ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವಾಗ, 14 ಚಕ್ರದ ಲಾರಿಯೊಂದರ ಎಡಬದಿಯ ಸಂದಿಯಲ್ಲಿ ಕಾರು ನುಗ್ಗಿಸಲು ಹೊರಟಿದ್ದ ನನ್ನನ್ನು, ಹಿಂದಿನ ಲಾರಿಯಿಂದ ಉದ್ದಕ್ಕೆ ಹಾರ್ನ್ ಹೊಡೆದು ತಡೆದ ಹಿರಿಯ ಚಾಲಕರಿಗೆ ನಾನು ಋಣಿ. ಮರುಕ್ಷಣವೇ ಮುಂದಿನ ಲಾರಿ ಎಡಕ್ಕೆ ತಿರುಗಿತು. ಅದರ ಹಿಂಚಕ್ರಗಳು ಮುಂಚಕ್ರಗಳ ಜಾಡು ಬಿಟ್ಟು ಒಳಕ್ಕೆ ಸರಿದು, ನನ್ನ ಕಾರು ಇರಬೇಕಾಗಿದ್ದ ಜಾಗದ ಕೆಸರನ್ನು ಅರೆದುಕೊಂಡು ಹೋದವು. ಗುಂಡ್ಯದ ಚಹಾದಂಗಡಿಯಲ್ಲಿ ಮತ್ತೆ ಸಿಕ್ಕ ಅವರು ಗದರಲಿಲ್ಲ. ತಮ್ಮ ಸೀಟಿನಲ್ಲೇ ನನ್ನನ್ನು ಕೂರಿಸಿ, ಎಡಬಾಗಿಲ ಪಕ್ಕದಲ್ಲೇ ನಿಂತಿದ್ದ ನನ್ನ ಕಾರು ಅಲ್ಲಿಂದ ಕಾಣುವುದೇ ಇಲ್ಲವೆಂದು ತೋರಿಸಿದರು. “ಕನ್ನಡಿಯಲ್ಲಿ ನನ್ನ ಮುಖ ನಿಮಗೆ ಕಾಣದಿದ್ದರೆ ನೀವೂ ನನಗೆ ಕಾಣುವುದಿಲ್ಲ” ಎಂದರು. ಭಾರ ಹೊತ್ತ ಲಾರಿ ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ನಿಧಾನವಾಗಿ ಸಾಗುವುದು ಬ್ರೇಕ್ ಕಾಯದಿರಲೆಂದೇ ಹೊರತು ನಮಗೆ ದಾರಿ ಬಿಡಲೆಂದಲ್ಲ ಎಂಬುದನ್ನೂ ಅವರಿಂದಲೇ ತಿಳಿದೆ. ಹೆಸರು ಕೇಳುವಷ್ಟರಲ್ಲಿ ಅವರು ಮಂಗಳೂರಿನತ್ತ ಹೊರಟುಬಿಟ್ಟಿದ್ದರು. ಈ ವಂದನೆ ಅವರನ್ನು ತಲುಪಲಿ.