ಗೇಟು ತೆಗೆಯುವ ಹೊತ್ತು

ರಾಬರ್ಟ್‌ಸನ್‌ಪೇಟೆ, ಕೆಜಿಎಫ್,
ಭಾನುವಾರ ಸಂಜೆ

ಚಿ॥ ಸಿರಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮನೆ ಸಮಾಚಾರವನ್ನು ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಅದನ್ನೇ ನಾನೂ ಬರೆದು ಕಾಗದ ತುಂಬಿಸುವುದಿಲ್ಲ.

ನಿನ್ನ ಉದ್ದದ ಮೆಸೇಜು ಓದಿದೆ. ಓದು, ಚಳಿ, ರೂಮಿನ ಬಾಡಿಗೆ, ಎಲ್ಲ ಸರಿ. ಕೊನೆಯಲ್ಲಿ ಒಂದು ಸಾಲು ಹಾಕಿದ್ದೀಯಲ್ಲ, "ಆಟ ಮುಗಿದ ಮೇಲೆ ನಮ್ಮ ಕಡೆಯವರನ್ನ ಬೇಲಿಯೊಳಗೇ ನಿಲ್ಲಿಸಿ ಗೇಟು ಹಾಕ್ತಾರಂತೆ ದೊಡ್ಡಪ್ಪ, ಅರ್ಧ ಗಂಟೆನೋ ಒಂದು ಗಂಟೆನೋ. ಆಗ ಒಳಗೆ ಏನಾದ್ರೂ ಆದ್ರೆ?" ಅಂತ. ಅದರ ಪಕ್ಕ ಒಂದು ನಗುವ ಮುಖ ಬೇರೆ. ಆ ನಗುವ ಮುಖ ನನಗೆ ಸರಿಹೋಗಲಿಲ್ಲ. ಮೂರು ದಿನದಿಂದ ಆ ಸಾಲು ತಲೆಯಲ್ಲೇ ಕೂತಿದೆ. ಫೋನಿನಲ್ಲಿ ಹೇಳೋಣ ಅಂದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆ ಹುಡುಗ ಫೋಟೋ ಹೊಡೆದು ಕಳಿಸುತ್ತಾನೆ.

ಮೊದಲು ಒಂದು ಜಗಳ ಮುಗಿಸಿಬಿಡುತ್ತೇನೆ. ನೀನು ಓದುವುದು ಫ್ರಾನ್ಸಿನ ಲೀಲ್‌ನಲ್ಲಿ, ಆದ್ದರಿಂದ ಲೀಲ್ ಫುಟ್‌ಬಾಲ್ ತಂಡ ನಿನ್ನದು. ಆಗಲಿ. ಆದರೆ ಆಟ ನೋಡಲು ಪಕ್ಕದೂರು ಲಾನ್ಸ್‌ಗೆ, ಅದೂ ಎದುರು ಕಡೆಯವಳಾಗಿ ಹೋಗುವುದಾ? ಗಣಿಯೂರಿನ ಮಗು ಇನ್ನೊಂದು ಗಣಿಯೂರಿಗೆ ಹೋಗಿ ಅವರ ವಿರುದ್ಧ ಕೂಗುವುದು ನಿಮ್ಮ ತಾತನಿಗೆ ಗೊತ್ತಾಗಿದ್ದರೆ ಎರಡು ದಿನ ಊಟ ಬಿಡುತ್ತಿದ್ದರು. ಆ ಊರಿನ ಬಗ್ಗೆ ನಾನೂ ಓದಿಕೊಂಡೆ. ಊರಿನ ಜನ ಮೂವತ್ತು ಸಾವಿರದ ಮೇಲೆ ಸ್ವಲ್ಪ, ಅವರ ಬೊಲಾರ್ ಸ್ಟೇಡಿಯಂನಲ್ಲಿ ಹಿಡಿಯುವ ಜನ 38 ಸಾವಿರ! 1930ರ ದಶಕದಲ್ಲಿ ಗಣಿ ಕಂಪನಿಯೇ ಕಟ್ಟಿಸಿದ್ದಂತೆ, ಕೆಲಸ ಕಳೆದುಕೊಂಡಿದ್ದ ಗಣಿ ಕೂಲಿಗಳ ಕೈಯಲ್ಲಿ. ಅಲ್ಲಿನ ಕಲ್ಲಿದ್ದಲ ಗುಡ್ಡಗಳ ಫೋಟೋ ನೋಡಿದಾಗ ಚಿನ್ನ ತೆಗೆದು ಉಳಿದ ಮಣ್ಣಿನ ನಮ್ಮ ಸೈನೈಡ್ ದಿಬ್ಬಕ್ಕೆ ಯಾರೋ ಕಪ್ಪು ಬಳಿದ ಹಾಗಿತ್ತು. ಆ ಸೀಮೆಯ ಕೊನೆಯ ಗಣಿ 1990ರಲ್ಲಿ ಮುಚ್ಚಿತು, ನಮ್ಮದು 2001ರಲ್ಲಿ. ಅವರ ಗುಡ್ಡಗಳಿಗೆ ಯುನೆಸ್ಕೋ ಮಾನ್ಯತೆ ಸಿಕ್ಕಿದೆ. ನಮ್ಮ ದಿಬ್ಬದ ಧೂಳು ಗಾಳಿ ಎದ್ದಾಗ ಈಗಲೂ ನಮ್ಮ ಅನ್ನದ ತಟ್ಟೆಗೆ ಬರುತ್ತದೆ.

ಸರಿ, ಜಗಳ ಮುಗಿಯಿತು. ಗೇಟಿನ ವಿಷಯಕ್ಕೆ ಬರುತ್ತೇನೆ.

ಹೊರಗಿನಿಂದ ಬಂದ ಅಭಿಮಾನಿಗಳನ್ನು ನಿಲ್ಲಿಸುವ ಜಾಗಕ್ಕೆ ಫ್ರೆಂಚರು ಪಾರ್ಕಾಜ್ ಅನ್ನುತ್ತಾರೆ ಅಂತ ಬರೆದಿದ್ದೀಯ. ಕುರಿಗಳನ್ನು ಕೂಡಿಹಾಕುವುದಕ್ಕೂ ಅದೇ ಪದವಂತೆ. ನಮ್ಮಲ್ಲಿ ದನದ ದೊಡ್ಡಿ ಅಂತಾರಲ್ಲ, ಹಾಗೆ. ಹೆಸರು ಕೇಳಿದರೇ ಮೈ ಉರಿಯುತ್ತದೆ. ಆದರೆ ನಾನೂ ಇಪ್ಪತ್ತು ವರ್ಷ ಗೇಟಿನ ಪಕ್ಕ ಕೆಲಸ ಮಾಡಿದವನು. ಗಣಿಯ ಲ್ಯಾಂಪ್ ರೂಮಿನಲ್ಲಿ ದೀಪ ಕೊಟ್ಟು, ಆಳಿಗೊಂದರಂತೆ ಇದ್ದ ಬಿಲ್ಲೆ ಎಣಿಸಿ, ಒಂದೊಂದು ಶಿಫ್ಟಿನ ಜನ ಗಣಿಗಿಳಿಸುವ ಕೇಜಿನೊಳಗೆ ಹೋಗುವುದನ್ನು ನೋಡಿದವನು. ಕೇಜಿನ ಗೇಟು ಹಾಕುವಾಗ ಒಳಗಿನವರು ಒಬ್ಬರೂ ಹೆದರಿದ್ದನ್ನು ನಾನು ನೋಡಿಲ್ಲ. ಚಾಂಪಿಯನ್ ರೀಫ್ಸ್ ಗಣಿಯಲ್ಲಿ 3 ಕಿಲೋಮೀಟರಿಗೂ ಜಾಸ್ತಿ ಆಳ. ಆದರೂ ಬೀಡಾ ಜಗಿಯುತ್ತಾ, ನಿನ್ನೆಯ ಫುಟ್‌ಬಾಲ್ ಆಟದ ಬಗ್ಗೆ ಬೈದಾಡುತ್ತಾ ಇಳಿಯುತ್ತಿದ್ದರು. ಯಾಕೆ ಗೊತ್ತಾ? ಒಳಗೆ ಎಷ್ಟು ಜನ ಅನ್ನೋ ಲೆಕ್ಕ ಹೊರಗಿರುವವನಿಗೆ ಗೊತ್ತಿತ್ತು. ಶಿಫ್ಟು ಮುಗಿದ ಮೇಲೆ ಒಂದು ಮೊಳೆಯಲ್ಲಿ ಬಿಲ್ಲೆ ಇಲ್ಲ ಅಂದರೆ ನಾನು ಮನೆಗೆ ಹೋಗುವ ಹಾಗಿರಲಿಲ್ಲ.

ಆದ್ದರಿಂದ ಮುಚ್ಚಿದ ಗೇಟು ಅಂದ ತಕ್ಷಣ ಭಯ ಬೇಡ ಅಂತ ಬರೆಯೋಣ ಅಂದುಕೊಂಡೆ. ಬರೆದೆ ಕೂಡ. ಆಮೇಲೆ ಹರಿದುಹಾಕಿದೆ. ಆ ಕಡೆ ನಿಂತ ಪೊಲೀಸಿನವನ ಕೈಯಲ್ಲಿ ಲೆಕ್ಕ ಇರುತ್ತದೆ ಅಂತ ನಾನು ಹೇಗೆ ಹೇಳಲಿ?

2022ರ ಮೇ 28ರ ರಾತ್ರಿ ನಿನಗೂ ನೆನಪಿರಬೇಕು. ಪ್ಯಾರಿಸ್ ಪಕ್ಕದ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್ ಫೈನಲ್. ನೀನು ನಮ್ಮನೆಗೆ ಬಂದಿದ್ದೆ, ಟಿವಿ ಮುಂದೆ ಕೂತಿದ್ದೆವು. ಆಟ ಶುರುವಾಗುವುದು ಅರ್ಧ ಗಂಟೆಗೂ ಜಾಸ್ತಿ ತಡ. ಅಭಿಮಾನಿಗಳು ತಡವಾಗಿ ಬಂದದ್ದೇ ಕಾರಣ ಅಂತ ಅಲ್ಲಿ ಹೇಳುತ್ತಿದ್ದರು. ನಿಜವಾಗಿ ಟಿಕೆಟ್ ಇದ್ದ ಜನ ಮುಚ್ಚಿದ ಗೇಟುಗಳ ಮುಂದೆ ಗಂಟೆಗಟ್ಟಲೆ ನಿಂತಿದ್ದರು, ಮಕ್ಕಳು ಮುದುಕರು ಅನ್ನದೆ ಎಲ್ಲರ ಮೇಲೂ ಅಶ್ರುವಾಯು. ಮಂತ್ರಿಗಳು ನಕಲಿ ಟಿಕೆಟ್ ಕಥೆ ಹೇಳಿದರು. ಮುಂದಿನ ವರ್ಷ ಫೆಬ್ರವರಿಯಲ್ಲಿ ತನಿಖೆಯ ವರದಿ ಬಂದಾಗ ಮುಖ್ಯ ಹೊಣೆ ಪಂದ್ಯ ನಡೆಸಿದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯದ್ದೇ ಆಯಿತು. ಆ ಜನ ನೂಕಾಡದೆ ತಾಳ್ಮೆಯಿಂದ ನಿಂತಿದ್ದರಿಂದಲೇ ದೊಡ್ಡ ಅನಾಹುತ ತಪ್ಪಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆ ಲಿವರ್‌ಪೂಲಿನವರಿಗೆ ತಾಳ್ಮೆ ಎಲ್ಲಿಂದ ಬಂತು ಅಂತ ನಿನಗೆ ಗೊತ್ತು. 1989, ಇಂಗ್ಲೆಂಡಿನ ಹಿಲ್ಸ್‌ಬರೋ ಮೈದಾನ. ಅವರ ಕಡೆಯ 97 ಜನ ಹೋದರು. ಅಲ್ಲಿ ಆದದ್ದು ಗೇಟು ಮುಚ್ಚಿದ್ದರಿಂದ ಅಲ್ಲ, ಗಮನಿಸು. ಹೊರಗೆ ನೂಕಾಟ ಜಾಸ್ತಿಯಾಯಿತು ಅಂತ ಪೊಲೀಸರು ಒಂದು ದೊಡ್ಡ ಗೇಟು ತೆಗೆಸಿದರು. ಬಂದವರೆಲ್ಲ ಒಂದೇ ಸುರಂಗದ ದಾರಿಯಲ್ಲಿ ಇಳಿದು, ಆಗಲೇ ತುಂಬಿದ್ದ ದೊಡ್ಡಿಗೆ ಹೋಗಿ ಸೇರಿದರು. ಮುಂದೆ ಕಬ್ಬಿಣದ ಬೇಲಿ. ನಮ್ಮ ಚಿನ್ನಸ್ವಾಮಿಯ ಗೇಟುಗಳ ಹತ್ತಿರ 2025ರ ಜೂನ್ 4ರಂದು ಹೋದ 11 ಜನರ ಬಗ್ಗೆ ನಾನು ಬರೆಯುವುದಿಲ್ಲ. ಆ ಸಂಜೆ ನೀನು ಎಲ್ಲರ ಮನೆಗೂ ಫೋನ್ ಮಾಡಿ ಯಾರು ಎಲ್ಲಿದ್ದಾರೆ ಅಂತ ಕೇಳಿದ್ದೆ.

ನೋಡು, ಧೈರ್ಯ ಹೇಳಲು ಕೂತವನು ಏನು ಬರೆಯುತ್ತಿದ್ದೇನೆ. ವಯಸ್ಸಾದವರ ಬುದ್ಧಿ.

ಒಂದೆರಡು ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ನಿನಗೆ ಗೊತ್ತಿದ್ದರೆ ಬಿಟ್ಟುಬಿಡು. ಲೀಲ್‌ನಿಂದ ಕ್ಲಬ್ಬಿನವರ ಬಸ್ಸಿನಲ್ಲೇ ಹೋಗು, ಅದರಲ್ಲೇ ವಾಪಸ್ ಬಾ. ಮೂವತ್ತೈದು ಕಿಲೋಮೀಟರು ತಾನೇ, ರೈಲಿನಲ್ಲಿ ಒಬ್ಬಳೇ ಹೋಗಿಬರುತ್ತೇನೆ ಅನ್ನಬೇಡ. ಈ ಪಂದ್ಯಕ್ಕೆ ಆಗಾಗ ಅಲ್ಲಿನ ಸರ್ಕಾರಿ ಅಧಿಕಾರಿಗಳು ಆದೇಶ ಹೊರಡಿಸಿ ಎದುರು ತಂಡದ ಬಣ್ಣ ಹಾಕಿದವರು ಊರೊಳಗೆ ಸುಳಿಯದ ಹಾಗೆ ಮಾಡುತ್ತಾರೆ. ಹೊರಡುವ ಹಿಂದಿನ ದಿನವೂ ಒಮ್ಮೆ ನೋಡಿಕೋ. ಗುರುತಿನ ಚೀಟಿ ಒಳಜೇಬಿನಲ್ಲಿರಲಿ. ದೊಡ್ಡ ಬ್ಯಾಗು ಬೇಡ. ಒಳಗೆ ಹೋದ ಮೇಲೆ ಬೇಲಿ ಹತ್ತಿರ, ಬಲೆ ಹತ್ತಿರ ಹೋಗಬೇಡ. ಮೇಲಿನ ಮೆಟ್ಟಿಲಿನಲ್ಲಿ, ಅಂಚಿನಲ್ಲಿ ನಿಲ್ಲು. ಆಟ ಚೆನ್ನಾಗಿ ಕಾಣುವುದಿಲ್ಲ ಅಂತೀಯ, ಗೊತ್ತು. 2021ರ ಸೆಪ್ಟೆಂಬರಿನಲ್ಲಿ ಇದೇ ಪಂದ್ಯದ ಮಧ್ಯಂತರದಲ್ಲಿ ಲಾನ್ಸ್‌ನವರು ಮೈದಾನಕ್ಕೆ ಇಳಿದು ಲೀಲ್‌ನವರಿದ್ದ ಮೂಲೆಗೆ ನುಗ್ಗಿದ್ದರು. ಎರಡು ಕಡೆಯಿಂದಲೂ ಸಾಮಾನು ತೂರಾಡಿದರು. ದ್ವಿತೀಯಾರ್ಧ ಅರ್ಧ ಗಂಟೆ ತಡ. ಆಗ ಬಲೆ ಹತ್ತಿರ ಇದ್ದವರಿಗೆ ಆಟ ಚೆನ್ನಾಗಿ ಕಂಡಿರಬೇಕು!

ಅಶ್ರುವಾಯು ಬಂದರೆ ಕಣ್ಣು ಉಜ್ಜಬೇಡ, ನೀರು ಹಾಕಿ ತೊಳೆ. ಉಸಿರು ಕಟ್ಟುವ ಹಾಗೆ ಜನ ಒತ್ತಿದರೆ ಎರಡೂ ಕೈ ಮಡಚಿ ಎದೆ ಮುಂದೆ ಹಿಡಿದುಕೋ, ಕೆಳಗೆ ಬಿದ್ದ ಫೋನಿಗೆ ಬಗ್ಗಬೇಡ. ಇಷ್ಟೇ ನನಗೆ ಗೊತ್ತಿರುವುದು. ಫ್ರಾನ್ಸ್ ನೋಡದವನು ಫ್ರಾನ್ಸಿನ ಸ್ಟೇಡಿಯಂ ಬಗ್ಗೆ ಬುದ್ಧಿ ಹೇಳುವುದು ನನಗೇ ನಗು ಬರುತ್ತದೆ.

ಮತ್ತೆ ಗೇಟು. ಆಟ ಮುಗಿದ ಮೇಲೆ ಅವರು ನಿಮ್ಮನ್ನು ಒಳಗೆ ನಿಲ್ಲಿಸುವುದು ಹೊರಗಿನ ರಸ್ತೆ ಖಾಲಿಯಾಗಲಿ, ಲಾನ್ಸ್‌ನವರು ಮನೆಗೆ ಹೋಗಲಿ ಅಂತ. ಅದು ನನಗೆ ಅರ್ಥವಾಗುತ್ತದೆ. ಆ ಅರ್ಧ ಗಂಟೆ ಕೂತುಬಿಡು. ಕಾಲು ಚಾಚು. ಚಾಕೊಲೇಟು ತಿನ್ನು. ನನಗೆ ಹೆದರಿಕೆ ಆ ಅರ್ಧ ಗಂಟೆಯದ್ದಲ್ಲ ಮಗಳೇ, ಅದು ಮುಗಿಯುವ ನಿಮಿಷದ್ದು. ಚಳಿಯಲ್ಲಿ ಕಾದು ಸಿಟ್ಟಾದ ಸಾವಿರಾರು ಜನ, ಗೇಟು ಕಿರ್ ಅಂದ ತಕ್ಷಣ ಎಲ್ಲರಿಗೂ ಒಟ್ಟಿಗೆ ಬಸ್ಸು ನೆನಪಾಗುತ್ತದೆ.

ನಿಮ್ಮಪ್ಪನ ಎಡಗೈ ಯಾಕೆ ಪೂರ್ತಿ ನೇರ ಆಗುವುದಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಕಥೆ ಮತ್ತೆ ಬೇಡ. ಗೊತ್ತಿಲ್ಲದ ಒಂದು ಭಾಗ ಇದೆ. ಜನ ನೂಕಿದಾಗ ಅವನ ಕೈ ನನ್ನ ಕೈಯಿಂದ ತಪ್ಪಿತು ಅಂತ ನಾನು ನಿಮ್ಮಜ್ಜಿಗೆ ಹೇಳಿದ್ದೆ. ಎಲ್ಲರೂ ಹಾಗೇ ನಂಬಿದರು. ಹಾಗೆ ಆದದ್ದಲ್ಲ. ಬೆಂಗಳೂರಿನ ಆ ಮೈದಾನದ ಗೇಟು ಎರಡು ಗಂಟೆ ಮುಚ್ಚಿತ್ತು. ನಾವು ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಬಿಸಿಲಿನಲ್ಲಿ ನಿಂತಿದ್ದೆವು. ಅವನಿಗೆ ಹನ್ನೆರಡು, ನನಗೆ ಹತ್ತೊಂಬತ್ತು. ಅವನು ಪೂರ್ತಿ ಹೊತ್ತು ನನ್ನ ಬೆರಳು ಹಿಡಿದುಕೊಂಡೇ ಇದ್ದ. ಗೇಟು ಒಂದು ಆಳು ಹೋಗುವಷ್ಟು ತೆರೆಯಿತು. ನಾನೇ ಬೆರಳು ಬಿಡಿಸಿಕೊಂಡೆ. ಒಳಗೆ ಹೋಗಿ ಜಾಗ ಹಿಡಿಯುತ್ತೇನೆ, ಇವನು ಹಿಂದೆಯೇ ಬರುತ್ತಾನೆ ಅಂತ ಇರಬೇಕು. ಅಥವಾ ಏನೂ ಯೋಚಿಸಲಿಲ್ಲವೋ ಏನೋ. ಒಳಗೆ ಹೋಗಿ ಒಳ್ಳೆ ಜಾಗವನ್ನೇ ಹಿಡಿದೆ. ಟವೆಲ್ ಹಾಸಿ ಪಕ್ಕದ ಜಾಗ ಕಾದಿಟ್ಟುಕೊಂಡು ಕೂತಿದ್ದೆ. ಮೊದಲ ಗೋಲು ಬಿದ್ದಾಗ ಎದ್ದು ಕುಣಿದೆ ಕೂಡ. ಆ ಹೊತ್ತಿಗೆ ಅವನನ್ನು ಯಾರೋ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ನಮ್ಮೂರಿನ ಹುಡುಗರಲ್ಲಿ ಅವನಷ್ಟು ಚೆನ್ನಾಗಿ ಗೋಲ್‌ಕೀಪರ್ ನಿಲ್ಲುವವನು ಇರಲಿಲ್ಲ. ನಿಮ್ಮಪ್ಪನಿಗೆ ಇದು ಗೊತ್ತೋ ಇಲ್ಲವೋ. ಬೆರಳು ಹಿಡಿದಿದ್ದವನು ಅವನು, ಗೊತ್ತಿರಲೇಬೇಕು. ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ಆಮೇಲೆ ನನಗೆ ಲ್ಯಾಂಪ್ ರೂಮಿನ ಕೆಲಸ ಸಿಕ್ಕಾಗ ಬಿಲ್ಲೆಗಳನ್ನು ಎರಡೆರಡು ಸಲ ಎಣಿಸುತ್ತಿದ್ದೆ. ಜೊತೆಯವರು ನಗುತ್ತಿದ್ದರು.

ಲಾನ್ಸ್ ಪಕ್ಕದಲ್ಲೇ ಕೂರಿಯೆರ್ ಗಣಿಗಳಿದ್ದವು. 1906ರ ಮಾರ್ಚ್ 10ರಂದು ಅಲ್ಲಿ ಸ್ಫೋಟವಾಗಿ 1,099 ಜನ ಹೋದರು. ಇನ್ನು ಒಳಗೆ ಯಾರೂ ಬದುಕಿಲ್ಲ ಅಂತ ಕೆಲವೇ ದಿನಗಳಲ್ಲಿ ಹುಡುಕುವುದನ್ನು ನಿಲ್ಲಿಸಿದರು. 20 ದಿನ ಆದ ಮೇಲೆ 13 ಜನ ಕತ್ತಲಲ್ಲಿ ದಾರಿ ತಡವಿಕೊಂಡು ತಾವಾಗಿಯೇ ಬಂದರಂತೆ. ಅದನ್ನು ಓದಿ ಅವತ್ತು ರಾತ್ರಿ ನಾನು ಮಲಗಲಿಲ್ಲ. ಲೆಕ್ಕ ಇಟ್ಟವರು ಲೆಕ್ಕ ಬಿಟ್ಟರೆ ಹಾಗಾಗುತ್ತದೆ.

ಆದ್ದರಿಂದ ನಿಮ್ಮ ಗುಂಪಿನಲ್ಲಿ ಎಷ್ಟು ಜನ ಅಂತ ಬಸ್ಸು ಹತ್ತುವ ಮೊದಲೇ ನೀನೇ ಎಣಿಸಿಕೋ. ಗೇಟು ತೆಗೆದಾಗ ಯಾರು ಕರೆದರೂ ಏಳಬೇಡ. ಮೊದಲ ನೂರು ಜನ ಹೋಗಲಿ, ಇನ್ನೂರು ಹೋಗಲಿ. ನೀವು ಬರದೆ ಬಸ್ಸು ಹೊರಡುವುದಿಲ್ಲ, ಪೊಲೀಸರೇ ಬಿಡುವುದಿಲ್ಲ. ಪಕ್ಕದಲ್ಲಿ ಯಾರದ್ದಾದರೂ ಚಿಕ್ಕ ಮಗು ಇದ್ದರೆ ಅದರ ಅಪ್ಪ ಕೈ ಹಿಡಿದಿದ್ದಾನಾ ನೋಡು. ಇದು ನಿನಗೆ ಸಂಬಂಧವಿಲ್ಲದ ಕೆಲಸ. ಆದರೂ ನೋಡು.

ಇನ್ನೊಂದು ಮಾತು. ಅಲ್ಲಿ ದ್ವಿತೀಯಾರ್ಧ ಶುರುವಾಗುವಾಗ ಇಡೀ ಸ್ಟೇಡಿಯಂ ಒಂದು ಹಾಡು ಹೇಳುತ್ತದಂತೆ, ಗಣಿ ಕೂಲಿಗಳ ಲೈನ್ ಮನೆಗಳ ಬಗ್ಗೆ, ನೆಲದಡಿ ದುಡಿದ ಅಪ್ಪನ ಬಗ್ಗೆ. ನಿಮ್ಮ ಕಡೆಯವರು ಸೀಟಿ ಹೊಡೆಯುತ್ತಾರೆ. ಹೊಡೆಯಲಿ, ಆಟ ಅಂದರೆ ಅದೇ. ನೀನು ಮಾತ್ರ ಹೊಡೆಯಬೇಡ. ಸುಮ್ನೆ ನಿಂತಿರು.

ದೊಡ್ಡಮ್ಮ ಕೇಳುತ್ತಿದ್ದಾಳೆ, ಕೊಟ್ಟ ಚಟ್ನಿಪುಡಿ ಇದೆಯಾ ಖಾಲಿಯಾಯಿತಾ ಅಂತ.

ಇಂತಿ ನಿನ್ನ
ದೊಡ್ಡಪ್ಪ

ತಾ.ಕ.: ಆಟದ ಫಲಿತಾಂಶ ಬರೆಯಬೇಡ, ನಿಮ್ಮಪ್ಪ ಫೋನಿನಲ್ಲಿ ನೋಡಿ ನನಗೆ ಹೇಳುತ್ತಾನೆ. ಗೇಟು ಎಷ್ಟು ಹೊತ್ತಿಗೆ ತೆಗೆದರು, ನೀನು ಎಷ್ಟು ಹೊತ್ತಿಗೆ ಎದ್ದೆ, ಅದನ್ನು ಬರಿ.