ಎಸ್‌ಎಸ್‌ಬಿಗೆ ಹೋಗುವ ಮುಂಚೆ ಇದನ್ನು ಓದು

ಪುಟ್ಟಿ,

ಟೆರಿಟೋರಿಯಲ್ ಆರ್ಮಿಯ (ಟಿಎ) ಅಧಿಕಾರಿ ಆಯ್ಕೆಗೆ ಎಸ್‌ಎಸ್‌ಬಿ ಸಂದರ್ಶನದ ಕರೆಪತ್ರ ಬಂದ ವಿಷಯ ನಿಮ್ಮಪ್ಪನಿಗೆ ಮೊದಲು ಹೇಳಿದೆ, ನನಗೆ ಮರುದಿನ. ನಾನು ಫೋನಿನಲ್ಲಿ ಕೂಗಾಡಿದೆ, ನೀನು ಕಟ್ ಮಾಡಿದೆ. ಬೇಜಾರು ಮಾಡ್ಕೋಬೇಡ, ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ "ವರ್ಷಕ್ಕೆ ಎರಡು ತಿಂಗಳ ಕ್ಯಾಂಪು ಅಷ್ಟೇ ಅಮ್ಮಾ, ಉಳಿದ ದಿನ ನನ್ನ ಕೆಲಸ ನನಗೆ" ಅಂದೆಯಲ್ಲ, ಅದಕ್ಕೆ ಉತ್ತರ ಹೇಳದೆ ನನಗೆ ಸಮಾಧಾನ ಇಲ್ಲ. ಮದುವೆಗೆ ಮುಂಚೆ ನಿಮ್ಮಪ್ಪ ನಿಮ್ಮಜ್ಜನ ಮುಂದೆ ಕೂತು ಹೇಳಿದ್ದೂ ಇದೇ ಮಾತು.

ಸುಳ್ಳೇನಲ್ಲ. ಟೆರಿಟೋರಿಯಲ್ ಆರ್ಮಿ ಕಟ್ಟಿದ್ದೇ ಹಾಗೆ. 1948ರ ಕಾಯ್ದೆ, 1949ರ ಅಕ್ಟೋಬರ್ 9ರಂದು ರಾಜಾಜಿ ಉದ್ಘಾಟನೆ ಮಾಡಿದ್ದು, ಇದೆಲ್ಲ ನಿಮ್ಮಪ್ಪನ ಬಾಯಲ್ಲಿ ಕೇಳಿ ಕೇಳಿ ನಿನಗೂ ಬಾಯಿಪಾಠ. ಸಂಸಾರ ನಡೆಸಲು ಬೇರೆ ಕೆಲಸ ಇದ್ದವರನ್ನೇ ತಗೋತಾರೆ. ಕರೆದಾಗ ಯೂನಿಫಾರ್ಮು, ಕಳಿಸಿದಾಗ ಆಫೀಸು. ಕರೆಸಿಕೊಂಡರೆ ಎಂಬಾಡಿ, ವಾಪಸ್ ಕಳಿಸಿದರೆ ಡಿಸ್‌ಎಂಬಾಡಿ. ಮೊದಮೊದಲು ಹಾಗೇ ಇತ್ತು. ಕ್ಯಾಂಪಿಗೆ ಹೋಗಿ, ಬಿಸಿಲಿಗೆ ಕಪ್ಪಾಗಿ, ಖುಷಿಯಾಗಿ ಬರುತ್ತಿದ್ದರು. ಆಮೇಲೆ ಕಾಶ್ಮೀರಕ್ಕೆ ಕರೆ ಬಂತು, ಎರಡು ತಿಂಗಳು ಎರಡು ವರ್ಷ ಆಯಿತು. ಆ ದಿನಗಳ ಬಗ್ಗೆ ಬರೆಯುವುದಿಲ್ಲ, ನಿನಗೂ ನೆನಪಿದೆ.

ಎಲ್ಲರೂ ನನಗೆ ಗುಂಡಿನ ಭಯ ಅಂದುಕೊಳ್ಳುತ್ತಾರೆ. ಇತ್ತು, ಇಲ್ಲ ಅನ್ನಲ್ಲ. ಆದರೆ ನನ್ನ ತಲೆಯಲ್ಲಿ ಕೂತಿರುವುದು ಅವರ ಆಫೀಸಿನ ವರಾಂಡದ ಬೆಂಚು. ಅವರು ಕಾಶ್ಮೀರದಿಂದ ಬಂದು ಮತ್ತೆ ಡ್ಯೂಟಿಗೆ ಹಾಜರಾಗಲು ಹೋದಾಗ, ನಿಮ್ಮ ಜಾಗಕ್ಕೆ ಬೇರೆಯವರು ಬಂದಿದ್ದಾರೆ, ಮೇಲಿಂದ ಆರ್ಡರ್ ಬರಬೇಕು, ಕಾಯಿರಿ ಅಂದರು. ದಿನಾ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋಗುವರು, ಸಂಜೆ ಬರುವರು. ಏನಾಯ್ತು ಅಂದರೆ ಫೈಲ್ ಮೂವ್ ಆಗ್ತಿದೆ ಅನ್ನುವರು. ಒಂದು ದಿನ ಯಾವುದೋ ಕಾಗದ ಮನೆಯಲ್ಲೇ ಬಿಟ್ಟು ಹೋಗಿದ್ದರು, ಕೊಡೋಣ ಅಂತ ಹೋದೆ. ನೋಡಿದರೆ ಜವಾನರು ಕೂರುವ ಬೆಂಚಿನ ತುದಿಯಲ್ಲಿ, ತೊಡೆಯ ಮೇಲೆ ಫೈಲ್ ಇಟ್ಟುಕೊಂಡು ಕೂತಿದ್ದಾರೆ. ಕಾಶ್ಮೀರದಲ್ಲಿ ಸೈನಿಕರ ಒಂದು ಕಂಪನಿಯನ್ನೇ ಸಂಭಾಳಿಸಿ ಬಂದ ಮೇಜರ್. ಅಷ್ಟರಲ್ಲಿ ಒಳಗಿಂದ ಒಬ್ಬ ಅಧಿಕಾರಿ ಬಂದ, ವಯಸ್ಸಿನಲ್ಲಿ ಎಷ್ಟೋ ಚಿಕ್ಕವನು. ಇವರು ಎದ್ದು ನಿಂತರು. ಅವನು ನಗುತ್ತಾ "ಏನ್ರೀ, ಮಿಲಿಟರಿ ಹುಚ್ಚು ಬಿಡ್ತಾ?" ಅಂದ. ನಿಮ್ಮಪ್ಪನೂ ನಕ್ಕರು.

ಆ ನಗು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಬೈದಿದ್ದರೆ, ಸುಮ್ನಿದ್ದಿದ್ದರೂ ಸರಿ ಇತ್ತು. ಇಷ್ಟು ವರ್ಷ ಆಯ್ತು, ಆ ಅಧಿಕಾರಿಯ ಮುಖ ಮರೆತಿದೆ, ಆದರೆ ನಿಮ್ಮಪ್ಪ ಶರ್ಟಿನ ತೋಳು ಸರಿಮಾಡಿಕೊಳ್ಳುತ್ತಾ ನಕ್ಕಿದ್ದು ಮರೆತಿಲ್ಲ. ನಾನು ಕಂಬದ ಹಿಂದೆ ಸರಿದೆ. ಕಾಗದವನ್ನು ಅಟೆಂಡರ್ ಕೈಯಲ್ಲಿ ಕೊಟ್ಟು ಬಂದೆ. ನಾನು ನೋಡಿದೆ ಅಂತ ಅವರಿಗೆ ಗೊತ್ತಿಲ್ಲ. ನೀನೂ ಹೇಳಬೇಡ. ಸಂಬಳ ಇಲ್ಲದೆ ಹೇಗೆ ನಡೆಸಿದೆ ಅನ್ನುವುದು ದೊಡ್ಡ ಮಾತಲ್ಲ, ಎಲ್ಲರ ಮನೆಯಲ್ಲೂ ಅಂಥ ಕಾಲ ಬರುತ್ತದೆ. ಆದರೆ ಆ ಬೆಂಚು... ಇರಲಿ.

ಆಮೇಲೆ ನಾನೇ ಕಾಯ್ದೆ ಓದಿದೆ. ಟಿಎ ಕಾಯ್ದೆಯ 7ಎ ಕಲಂ ನೋಡು. ಸೇವೆ ಮುಗಿಸಿ ಬಂದವರನ್ನು ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ವಾಪಸ್ ಕೆಲಸಕ್ಕೆ ತಗೊಳ್ಳಬೇಕು ಅಂತ ಅದರಲ್ಲಿದೆ. ನಿಮ್ಮಪ್ಪನಿಗೆ ಇದು ಗೊತ್ತಿತ್ತು, ಜಗಳ ಆಡಲು ಮನಸ್ಸಿರಲಿಲ್ಲ ಅಷ್ಟೇ. ಕೊನೆಗೆ ಕೆಲಸ ಸಿಕ್ಕಿತು, ಪ್ರಮೋಷನ್ ಹೋಯಿತು. ಸಾಕು ಬಿಡಿ ಅಂದೆ. ಮುಂದಿನ ಸಲ ಕರೆ ಬಂದಾಗ ಮತ್ತೆ ಟ್ರಂಕ್ ಇಳಿಸಿದರು.

ಪೆನ್ಷನ್ ವಿಷಯ ಕೇಳಿದ್ದೀಯಾ? ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತಿ, ಹಾರ ಹಾಕಿಸಿಕೊಂಡ ಫೋಟೋ ಹಾಲ್‌ನಲ್ಲಿದೆ, ನಿಜ. ಆದರೆ ಅಧಿಕಾರಿಗೆ ಸೈನ್ಯದ ಪೆನ್ಷನ್ ಬರಬೇಕು ಅಂದರೆ ಎಂಬಾಡಿ ಆಗಿದ್ದ ಸೇವೆಯೇ 20 ವರ್ಷ ಆಗಬೇಕು. ಕ್ಯಾಲೆಂಡರ್ ವರ್ಷ ಅಲ್ಲ, ಕರೆಸಿಕೊಂಡ ದಿನಗಳನ್ನು ಕೂಡಿಸಿದ ಲೆಕ್ಕ. ಅವರದು ಅಷ್ಟು ಆಗಲಿಲ್ಲ. ಹಾಗಾಗಿ ನಿನ್ನ ಪಿಎಫ್ ಮುಟ್ಟಬೇಡ, ಸಾಲ ಮಾಡಿ ಫ್ಲ್ಯಾಟ್ ತಗೋಬೇಡ, ಮೊಣಕಾಲು ನೋಯುತ್ತೆ ಅಂತಿದ್ದೆಯಲ್ಲ, ಮೆಡಿಕಲ್‌ಗೆ ಮುಂಚೆ ಡಾಕ್ಟರಿಗೆ ತೋರಿಸು. ನೋಡು, ಬೋಧನೆ ಮಾಡಲ್ಲ ಅಂದುಕೊಂಡೇ ಬರೆಯಲು ಕೂತಿದ್ದೆ.

ಇನ್ನೊಂದು. 2025ರ ಮೇ ತಿಂಗಳಲ್ಲಿ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಟಿಎಯ ಯಾವ ಅಧಿಕಾರಿಯನ್ನಾದರೂ, ಯಾವ ಯೋಧನನ್ನಾದರೂ ಕರೆಸಿಕೊಳ್ಳುವ ಅಧಿಕಾರ ಸೇನಾ ಮುಖ್ಯಸ್ಥರಿಗೆ. 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಎಂಬಾಡಿ ಮಾಡಬಹುದು ಅಂತ. ನಿವೃತ್ತರಾದ ನಿಮ್ಮಪ್ಪ ಟಿವಿ ಮುಂದೆ ನಿಂತೇ ಅದನ್ನು ನೋಡಿದರು, ಕೂರಲೇ ಇಲ್ಲ. ಕರೆ ತಮಗೇ ಬಂದಹಾಗೆ! ಎರಡು ತಿಂಗಳು ಅಷ್ಟೇ ಅನ್ನುವ ಮುಂಚೆ ಅದನ್ನೂ ಓದಿಕೋ.

ಹೋಗಬೇಡ ಅಂತ ಹೇಳುತ್ತಿಲ್ಲ. ಹೆಣ್ಣುಮಕ್ಕಳಿಗೂ ಟಿಎ ಸೇರುವ ಹಕ್ಕಿದೆ ಅಂತ 2018ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಾಗ ಪೇಪರ್ ಕತ್ತರಿಸಿ ಇಟ್ಟಿದ್ದು ನಿಮ್ಮಪ್ಪ ಅಲ್ಲ, ನಾನು. ಯಾಕೆ ಇಟ್ಟೆ ಅಂತ ನನಗೇ ಗೊತ್ತಿಲ್ಲ. ಮೊನ್ನೆ ಪಕ್ಕದ ಮನೆಯವರು "ಓ, ಧೋನಿ ಇದ್ದಾರಲ್ಲ ಅದಾ?" ಅಂದರು. ಧೋನಿಗೆ 2011ರಲ್ಲಿ ಕೊಟ್ಟಿದ್ದು ಗೌರವ ಹುದ್ದೆ, ನಮ್ಮ ಹುಡುಗಿ ಪರೀಕ್ಷೆ ಬರೆದು ಪಾಸಾಗಿದ್ದಾಳೆ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಅನ್ನಿಸುತ್ತದೆ. ನಿಮ್ಮಪ್ಪ ಒಳಗಿಂದ ಇಣುಕಿ ನೋಡಿದರು.

ಎಸ್‌ಎಸ್‌ಬಿಯಲ್ಲಿ ಐದು ದಿನ ಇರಬೇಕಾಗುತ್ತದೆ, ಬೆಡ್‌ಶೀಟ್ ಇಟ್ಟುಕೋ. ಅಲ್ಲಿ ಏನು ಕೇಳುತ್ತಾರೆ ಅನ್ನುವುದನ್ನು ಅಪ್ಪನ ಹತ್ತಿರ ಕೇಳು, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಆಫೀಸಿನ ಕಡೆಯದು. ನಿನ್ನ ಮ್ಯಾನೇಜರ್ ಒಳ್ಳೆಯವಳು ಅಂತೀಯ, ಇರಬಹುದು, ನಾಳೆ ಅವಳೇ ಕೆಲಸ ಬಿಟ್ಟು ಹೋದರೆ? ಬಾಯಿಮಾತು ಬೇಡ. ಟಿಎಗೆ ಹೋಗಲು ಕಂಪನಿಗೆ ಒಪ್ಪಿಗೆ ಇದೆ, ಬಂದ ಮೇಲೆ ಇದೇ ಹುದ್ದೆ, ಇದೇ ಸೀನಿಯಾರಿಟಿ ಅಂತ ಎಚ್‌ಆರ್‌ನಿಂದ ಬರವಣಿಗೆಯಲ್ಲಿ ತಗೋ. 7ಎ ಕಲಂ ಮೇಲ್‌ನಲ್ಲಿ ಹಾಕು. ಒಂದು ಕಾಪಿ ನನಗೆ ಕಳಿಸು. ಅಪ್ಪನಿಗೆ ಕಳಿಸಬೇಡ, ಅವರು ಇಂಥ ಕಾಗದ ತೋರಿಸಿ ಕೇಳುವ ಪೈಕಿ ಅಲ್ಲ. ನಾನು ಕೇಳುತ್ತೇನೆ.

ನಿನ್ನ
ಅಮ್ಮ