ಗೊರಕೆ ನಿಂತರಷ್ಟೇ ಸಾಲದು

ಗೊರಕೆಗೆ ‘ಒಂದೇ ದಿನದಲ್ಲಿ ಲೇಸರ್ ಪರಿಹಾರ’ ಎಂಬ ಜಾಹೀರಾತುಗಳನ್ನು ನಂಬಿ, ನಿದ್ರಾ ಪರೀಕ್ಷೆಯನ್ನೇ ಮಾಡಿಸದೆ ಶಸ್ತ್ರಚಿಕಿತ್ಸೆಗೆ ಒಳಗಾಗುವುದು ಅಪಾಯಕಾರಿ. ಕಿರುನಾಲಿಗೆ, ಮೆದು ಅಂಗುಳನ್ನು ಕತ್ತರಿಸಿ ಬಿಗಿಗೊಳಿಸಿದರೆ ಸದ್ದು ತಗ್ಗಬಹುದು. ಆದರೆ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಉಸಿರುದಾರಿ ಮುಚ್ಚುತ್ತಿದ್ದರೆ ಸ್ಲೀಪ್ ಆಪ್ನಿಯಾ (ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ) ಹಾಗೆಯೇ ಉಳಿಯುತ್ತದೆ. ಸದ್ದಿಲ್ಲದ ಕಾರಣ ಮನೆಯವರಿಗೂ ಅದು ತಿಳಿಯದು.

ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಊದಿಕೊಂಡು ಈ ಕಾಯಿಲೆ ಬಂದ ಮಕ್ಕಳಿಗೆ ಅವನ್ನು ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ. ವಯಸ್ಕರ ಮಾತು ಬೇರೆ. ನಿದ್ರೆಯಲ್ಲಿ ಗಂಟೆಗೆ 30 ಅಥವಾ ಹೆಚ್ಚು ಬಾರಿ ಉಸಿರು ನಿಲ್ಲುವ ಇಲ್ಲವೇ ಕ್ಷೀಣಿಸುವ ತೀವ್ರ ರೋಗಿಗಳಿಗೆ ಮಾಸ್ಕ್ ಮೂಲಕ ಒತ್ತಡದ ಗಾಳಿ ನೀಡಿ ಉಸಿರುದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವೇ ಮೊದಲ ಆಯ್ಕೆ. ಮೂಗಿನ ನಡುಗೋಡೆ ನೇರಗೊಳಿಸುವುದರಿಂದ ಕಾಯಿಲೆ ವಾಸಿಯಾಗುವುದು ಅಪರೂಪ, ಮಾಸ್ಕ್ ಹಾಕಿಕೊಳ್ಳಲು ಅನುಕೂಲವಾಗುತ್ತದೆ ಅಷ್ಟೆ. ಎರಡೂ ದವಡೆಗಳನ್ನು ಮುಂದಕ್ಕೆ ತರುವ ಶಸ್ತ್ರಚಿಕಿತ್ಸೆ ಹೆಚ್ಚು ಪರಿಣಾಮಕಾರಿ. ಆದರೆ ದೊಡ್ಡದು, ಎಲ್ಲರಿಗೂ ಬೇಕಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ನಿದ್ರಾ ಪರೀಕ್ಷೆ, ಮಂಪರು ಔಷಧಿ ನೀಡಿ ಅಡಚಣೆಯ ಜಾಗ ಗುರುತಿಸುವ ಎಂಡೋಸ್ಕೋಪಿ, ಸುಮಾರು ಮೂರು ತಿಂಗಳ ನಂತರ ಮರುಪರೀಕ್ಷೆ: ಇವಿಲ್ಲದೆ ಇಂಥ ‘ಪ್ಯಾಕೇಜ್’ ಮಾರದಂತೆ ಆರೋಗ್ಯ ಇಲಾಖೆ ಸ್ಪಷ್ಟ ಮಾರ್ಗಸೂಚಿ ಹೊರಡಿಸಲಿ.

– ಕಿವಿ, ಮೂಗು, ಗಂಟಲು ತಜ್ಞ, ಮೈಸೂರು